ಏರ್ ಪಂಪ್ ಎಷ್ಟು ದೊಡ್ಡದಿರಬೇಕು? ಲೀಟರಿಗಿಂತ ಮೊದಲು ಆಳ ನೋಡಿ

ಮನೆಯ ಮೀನಿನ ತೊಟ್ಟಿಗೆ ಏರ್ ಪಂಪ್ ಕೊಳ್ಳಲು ಹೊರಟವರು ಬಹುತೇಕ ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತಾರೆ. ಒಂದು ನಳಿಕೆಯ ಚಿಕ್ಕದು ಸಾಕೋ, ಎರಡು ನಳಿಕೆಯದು ಬೇಕೋ, ಇನ್ನೊಂದಿಷ್ಟು ದುಡ್ಡು ಹಾಕಿ ನಾಲ್ಕು ನಳಿಕೆಯದನ್ನೇ ತಂದುಬಿಟ್ಟರೆ ಮುಂದಿನ ತಲೆನೋವು ತಪ್ಪುತ್ತದೋ? ಡಬ್ಬಿಯ ಮೇಲೆ ‘100 ಲೀಟರ್‌ವರೆಗೆ’, ‘200 ಲೀಟರ್‌ವರೆಗೆ’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ನಮ್ಮ ತೊಟ್ಟಿ 120 ಲೀಟರಿನದು, ಹಾಗಾದರೆ ಎರಡನೆಯದು ಎಂದು ಹೆಚ್ಚಿನವರು ಲೆಕ್ಕ ಮುಗಿಸುತ್ತಾರೆ. ಆದರೆ ನಿಮ್ಮ ತೊಟ್ಟಿ ಎಷ್ಟು ಆಳವಿದೆ, ಪೈಪಿನ ತುದಿಗೆ ಏನು ಸಿಕ್ಕಿಸಿದ್ದೀರಿ, ಒಳಗೆ ಯಾವ ಮೀನು ಎಷ್ಟಿವೆ ಎಂಬುದು ಡಬ್ಬಿಗೆ ಗೊತ್ತಿಲ್ಲ. ಪಂಪಿನ ಗಾತ್ರ ನಿಂತಿರುವುದೇ ಈ ಮೂರರ ಮೇಲೆ. ಇವನ್ನು ತಿಳಿದುಕೊಂಡರೆ ಆಯ್ಕೆ ತಾನಾಗಿಯೇ ಎರಡು ಮೂರು ಪಂಪುಗಳಿಗೆ ಇಳಿಯುತ್ತದೆ.

ಪಂಪ್ ಮಾಡುವ ಕೆಲಸ ಯಾವುದು

ಗುಳ್ಳೆಯೊಳಗಿನ ಗಾಳಿ ನೀರಿಗೆ ಬೆರೆತು ಮೀನಿಗೆ ಆಮ್ಲಜನಕ ಸಿಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಅದು ಸ್ವಲ್ಪ ಮಟ್ಟಿಗೆ ಮಾತ್ರ ನಿಜ. 40 ಸೆಂ.ಮೀ. ಆಳದಿಂದ ಹೊರಟ ಗುಳ್ಳೆ ಎರಡು ಸೆಕೆಂಡಿನೊಳಗೆ ಮೇಲೆ ಬಂದು ಒಡೆದು ಹೋಗುತ್ತದೆ. ಅಷ್ಟು ಹೊತ್ತಿನಲ್ಲಿ ಅದು ನೀರಿಗೆ ಕೊಡುವುದು ಕಡಿಮೆ. ಆಮ್ಲಜನಕ ಒಳಗೆ ಬರುವುದು, ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುವುದು ಹೆಚ್ಚಾಗಿ ನೀರಿನ ಮೇಲ್ಮೈಯಲ್ಲಿ. ಗುಳ್ಳೆಗಳ ಸಾಲು ತಳದ ನೀರನ್ನು ತನ್ನ ಜೊತೆ ಮೇಲಕ್ಕೆ ಎಳೆದು ತರುತ್ತದೆ, ಮೇಲ್ಮೈಯನ್ನು ಕಲಕುತ್ತದೆ, ಗಾಳಿ ಸೋಕಿದ ನೀರನ್ನು ಪಕ್ಕಕ್ಕೆ ತಳ್ಳಿ ಕೆಳಗಿಳಿಸುತ್ತದೆ. ಹಾಗಾಗಿ ನಮಗೆ ಬೇಕಿರುವುದು ಮೇಲ್ಮೈ ಸದಾ ಅಲುಗಾಡುತ್ತಿರುವಷ್ಟು ಗಾಳಿ. ತೊಟ್ಟಿ ಕುದಿಯುವಂತೆ ಕಾಣುವಷ್ಟು ಗಾಳಿಯಿಂದ ಮೀನಿಗೆ ಹೆಚ್ಚಿನ ಲಾಭವಿಲ್ಲ, ಚಿಕ್ಕ ಮೀನುಗಳಿಗೆ ಅದು ತೊಂದರೆಯೂ ಹೌದು.

ಬೆಚ್ಚಗಿನ ನೀರಿನಲ್ಲಿ ಈ ಕೆಲಸ ಇನ್ನೂ ಮುಖ್ಯವಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರಿನ ಒಂದು ಲೀಟರಿನಲ್ಲಿ ಹೆಚ್ಚೆಂದರೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕ ಕರಗಿ ನಿಲ್ಲುತ್ತದೆ. 30 ಡಿಗ್ರಿಗೆ ಏರಿದರೆ ಅದು ಸುಮಾರು 7.5ಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಮೀನಿನ ಉಸಿರಾಟ ಜೋರಾಗುತ್ತದೆ, ತ್ಯಾಜ್ಯ ಕೊಳೆಯುವುದೂ ಬೇಗ. ಬೇಕಾದದ್ದು ಹೆಚ್ಚಿ, ಸಿಗುವುದು ಕಡಿಮೆಯಾಗುವ ಸ್ಥಿತಿ ಇದು. ಚಳಿಗಾಲದಲ್ಲಿ ಚೆನ್ನಾಗಿದ್ದ ಪಂಪ್ ಬೇಸಿಗೆಯಲ್ಲಿ ಸಾಲದೆ ಹೋಗುವುದು ಇದಕ್ಕೇ.

ಆಳ: ಎಲ್ಲರೂ ಮರೆಯುವ ಲೆಕ್ಕ

ಎರಡು ತೊಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು 80 ಸೆಂ.ಮೀ. ಉದ್ದ, 40 ಅಗಲ, 25 ಎತ್ತರ. ಇನ್ನೊಂದು 40 ಉದ್ದ, 40 ಅಗಲ, 50 ಎತ್ತರ. ಉದ್ದ, ಅಗಲ, ಎತ್ತರ ಗುಣಿಸಿ 1000ದಿಂದ ಭಾಗಿಸಿದರೆ ಎರಡೂ 80 ಲೀಟರೇ. ಡಬ್ಬಿಯ ಪ್ರಕಾರ ಎರಡಕ್ಕೂ ಒಂದೇ ಪಂಪ್. ಆದರೆ ಮೊದಲನೆಯದರ ಮೇಲ್ಮೈ 3200 ಚದರ ಸೆಂ.ಮೀ., ಎರಡನೆಯದರದ್ದು 1600. ಅಂದರೆ ಎತ್ತರದ ತೊಟ್ಟಿಯಲ್ಲಿ ಉಸಿರಾಡುವ ಬಾಯಿ ಅರ್ಧ, ಪಂಪ್ ಗಾಳಿ ತಳ್ಳಬೇಕಾದ ಆಳ ಎರಡು ಪಟ್ಟು. ನೋಡಲು ಚೆಂದವೆಂದು ಎತ್ತರದ ತೊಟ್ಟಿ ತಂದವರಿಗೇ ಶಕ್ತಿಯ ಪಂಪ್ ಹೆಚ್ಚು ಬೇಕು.

ಆಳ ಹೆಚ್ಚಿದಂತೆ ಗಾಳಿ ಎಷ್ಟು ಕಡಿಮೆಯಾಗುತ್ತದೆ ಎಂದು ತಿಳಿಯುವುದು ಕಷ್ಟವಲ್ಲ. ಪಂಪಿನ ತಳದ ಚೀಟಿಯಲ್ಲಿ ಮೂರು ಅಂಕಿ ಇರುತ್ತವೆ: ವ್ಯಾಟ್, ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ, ಮತ್ತು ಒತ್ತಡ. ಒತ್ತಡವನ್ನು ಎಂಪಿಎ, ಅಂದರೆ ಮೆಗಾಪ್ಯಾಸ್ಕಲ್‌ನಲ್ಲಿ ಬರೆದಿರುತ್ತಾರೆ. 0.01 ಎಂಪಿಎ ಎಂದರೆ ಸರಿಸುಮಾರು ಒಂದು ಮೀಟರ್ ನೀರಿನ ಒತ್ತಡ. ಚೀಟಿಯಲ್ಲಿ 0.012 ಎಂದಿದ್ದರೆ ಆ ಪಂಪ್ ಹೆಚ್ಚೆಂದರೆ ಸುಮಾರು 120 ಸೆಂ.ಮೀ. ಆಳಕ್ಕೆ ಗಾಳಿ ತಳ್ಳಬಲ್ಲದು, ಆ ಆಳದಲ್ಲಿ ಹೊರಬರುವ ಗಾಳಿ ಸೊನ್ನೆ. ಲೀಟರಿನ ಅಂಕಿ ಇದಕ್ಕೆ ವಿರುದ್ಧ ತುದಿಯದ್ದು: ನೀರೂ ಇಲ್ಲದೆ, ಪೈಪಿನ ತುದಿಗೆ ಏರ್ ಸ್ಟೋನೂ (ಗಾಳಿಯನ್ನು ಗುಳ್ಳೆಗಳಾಗಿ ಒಡೆಯುವ ರಂಧ್ರಗಳ ಕಲ್ಲು) ಇಲ್ಲದೆ, ಬರಿಯ ಗಾಳಿಯಲ್ಲಿ ಬಿಟ್ಟಾಗ ಅಳೆದದ್ದು. ನಿಮ್ಮ ತೊಟ್ಟಿ ಇವೆರಡರ ನಡುವೆ ಎಲ್ಲೋ ಇದೆ.

ಒರಟಾಗಿ ಹೀಗೆ ಲೆಕ್ಕ ಹಾಕಬಹುದು. ನೀರಿನ ಆಳಕ್ಕೆ ಏರ್ ಸ್ಟೋನಿನ ಅಡ್ಡಿಯೆಂದು ಇನ್ನೊಂದು 20 ಸೆಂ.ಮೀ. ಸೇರಿಸಿ. ಬಂದದ್ದು ಪಂಪಿನ ಗರಿಷ್ಠ ಆಳದ ಎಷ್ಟು ಪಾಲು ಎಂದು ನೋಡಿ, ಅಷ್ಟು ಪಾಲು ಗಾಳಿಯನ್ನು ಕಳೆದುಬಿಡಿ. ನಿಮಿಷಕ್ಕೆ 3 ಲೀಟರ್, 0.012 ಎಂಪಿಎ ಎಂದು ಬರೆದ ಪಂಪನ್ನು 40 ಸೆಂ.ಮೀ. ಆಳದಲ್ಲಿ ಹಾಕಿದರೆ 40ಕ್ಕೆ 20 ಸೇರಿ 60, ಅದು 120ರ ಅರ್ಧ. ಕೈಗೆ ಬರುವುದು 1.5 ಲೀಟರ್. ಮೇಲಿನ ಎರಡು ತೊಟ್ಟಿಗಳಿಗೆ ಇದೇ ಪಂಪ್ ಹಾಕಿ ನೋಡಿ: 25 ಸೆಂ.ಮೀ.ನದ್ದಕ್ಕೆ ಸುಮಾರು 1.9 ಲೀಟರ್, 50 ಸೆಂ.ಮೀ.ನದ್ದಕ್ಕೆ ಸುಮಾರು 1.25. ಎಲ್ಲ ಪಂಪುಗಳ ಗಾಳಿಯೂ ಹೀಗೆ ಸರಳರೇಖೆಯಲ್ಲಿ ಇಳಿಯುವುದಿಲ್ಲ ನಿಜ, ಆದರೂ ಕೊಳ್ಳುವ ಮೊದಲಿನ ಅಂದಾಜಿಗೆ ಇದು ಸಾಕು.

ಕೊಂಡ ಮೇಲೆ ಅಂದಾಜು ಬೇಕಿಲ್ಲ, ಅಳೆದೇ ನೋಡಬಹುದು. ಅಗಲ ಬಾಯಿಯ ಒಂದು ಲೀಟರ್ ಭರಣಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ಗಾಳಿ ಉಳಿಯದಂತೆ ನೀರು ತುಂಬಿಸಿ, ಬಾಯಿ ಕೆಳಗೆ ಮಾಡಿ ಗುಳ್ಳೆ ಏಳುವ ಕಲ್ಲಿನ ಮೇಲೆ ಹಿಡಿಯಿರಿ. ಗುಳ್ಳೆಗಳು ಒಳಗೆ ಸೇರುತ್ತಾ ನೀರನ್ನು ಹೊರಗೆ ತಳ್ಳುತ್ತವೆ. ತುಂಬುತ್ತಾ ಹೋದಂತೆ ಭರಣಿ ಮೇಲೇಳಲು ನೋಡುತ್ತದೆ, ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಭರಣಿ ಪೂರ್ತಿ ಖಾಲಿಯಾಗಲು 40 ಸೆಕೆಂಡ್ ಹಿಡಿದರೆ ನಿಮಗೆ ನಿಜವಾಗಿ ಸಿಗುತ್ತಿರುವುದು ನಿಮಿಷಕ್ಕೆ 1.5 ಲೀಟರ್. ಒಂದು ನಿಮಿಷ ಹಿಡಿದರೆ 1 ಲೀಟರ್. ಪಂಪಿನ ಬಗ್ಗೆ ಯಾರು ಏನೇ ಹೇಳಲಿ, ನಾನು ನಂಬುವುದು ಈ ಅಂಕಿಯನ್ನೇ.

ಹಾಗಾದರೆ ಎಷ್ಟು ಗಾಳಿ ಬೇಕು

ಗಪ್ಪಿ, ಮೋಲಿ, ಟೆಟ್ರಾ, ಏಂಜೆಲ್‌ನಂಥ ಮೀನುಗಳು ಹಿತಮಿತವಾಗಿ ಇರುವ ತೊಟ್ಟಿಗೆ ಪ್ರತಿ 50 ಲೀಟರ್ ನೀರಿಗೆ ನಿಮಿಷಕ್ಕೆ ಅರ್ಧದಿಂದ ಒಂದು ಲೀಟರ್ ನಿಜವಾದ ಗಾಳಿ ಎಂಬುದು ನಾನು ಇಟ್ಟುಕೊಂಡಿರುವ ಲೆಕ್ಕ. ಗೋಲ್ಡ್ ಫಿಶ್, ಆಸ್ಕರ್, ದೊಡ್ಡ ಸಿಕ್ಲಿಡ್‌ಗಳಿದ್ದರೆ ಅದನ್ನು ಎರಡು ಪಟ್ಟು ಮಾಡಿ. ಇವು ತಿನ್ನುವುದೂ ಹೆಚ್ಚು, ಹೊಲಸು ಮಾಡುವುದೂ ಹೆಚ್ಚು. ಆ ಹೊಲಸನ್ನು ಅರಗಿಸುವ ಬ್ಯಾಕ್ಟೀರಿಯಾಗಳೂ ಆಮ್ಲಜನಕದಲ್ಲಿ ಪಾಲು ಕೇಳುತ್ತವೆ: ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು ಸುಮಾರು 4.6 ಗ್ರಾಂ ಆಮ್ಲಜನಕ ಬೇಕು. ಡಿಸ್ಕಸ್ ಸಾಕುವವರು ನೀರನ್ನು 28ರಿಂದ 30 ಡಿಗ್ರಿಯಲ್ಲಿ ಇಡುವುದರಿಂದ ಅವರೂ ಈ ಎರಡು ಪಟ್ಟಿನ ಗುಂಪಿಗೇ ಸೇರುತ್ತಾರೆ.

ಫೈಟರ್ ಮೀನು ಮತ್ತು ಗೌರಾಮಿಗಳದ್ದು ಬೇರೆ ಕಥೆ. ತಲೆಯಲ್ಲಿರುವ ಲ್ಯಾಬಿರಿಂತ್ ಎಂಬ ಅಂಗದಿಂದ ಇವು ಮೇಲೆ ಬಂದು ನೇರವಾಗಿ ಗಾಳಿಯನ್ನೇ ಉಸಿರಾಡುತ್ತವೆ. ಒಂದೇ ಫೈಟರ್ ಇರುವ ಚಿಕ್ಕ ತೊಟ್ಟಿಗೆ ಏರ್ ಸ್ಟೋನ್ ಬೇಕೇ ಬೇಕೆಂದಿಲ್ಲ. ಸ್ಪಂಜ್ ಫಿಲ್ಟರ್ (ಪಂಪಿನ ಗಾಳಿಯ ಬಲದಿಂದ ನೀರನ್ನು ಸ್ಪಂಜಿನ ಮೂಲಕ ಎಳೆದು ಸೋಸುವಂಥದ್ದು) ಓಡಿಸಲು ಮೆಲ್ಲಗಿನ ಗಾಳಿ ಸಾಕು. ಉದ್ದ ರೆಕ್ಕೆಯ ಫೈಟರ್ ಜೋರು ಸೆಳೆತದಲ್ಲಿ ಈಜಾಡಿ ಸುಸ್ತಾಗಿ ಮೂಲೆ ಸೇರುವುದನ್ನು ಕಂಡರೆ ಗಾಳಿ ಕಡಿಮೆ ಮಾಡಿ.

ಪೈಪಿನ ತುದಿಗೆ ಏನಿದೆ ಎಂಬುದೂ ಲೆಕ್ಕಕ್ಕೆ ಬರಬೇಕು. ಚಿಕ್ಕ ಏರ್ ಸ್ಟೋನಿಗೆ ಅರ್ಧದಿಂದ 1 ಲೀಟರ್ ಸಾಕು. ಸ್ಪಂಜ್ ಫಿಲ್ಟರಿಗೆ ಅದರ ಗಾತ್ರ ನೋಡಿಕೊಂಡು 1ರಿಂದ 3 ಲೀಟರ್ ಕೊಡಿ. ಅದಕ್ಕೆ ಒತ್ತಡ ಅಷ್ಟು ಬೇಡ, ಗಾಳಿ ಬೇಕು. ಉದ್ದನೆಯ ಗುಳ್ಳೆ ಪರದೆಯ ಕೊಳವೆಗಳು ಅರ್ಧದವರೆಗೆ ಮಾತ್ರ ಗುಳ್ಳೆ ಬಿಟ್ಟು ಉಳಿದರ್ಧ ಸುಮ್ಮನಿರುವುದು ಪಂಪ್ ಸಾಲದ್ದರ ಲಕ್ಷಣ. ಹೊಗೆಯಂತೆ ನುಣ್ಣನೆ ಗುಳ್ಳೆ ಬಿಡುವ ಸೆರಾಮಿಕ್ ತಟ್ಟೆಗಳ ಬಗ್ಗೆ ಎಚ್ಚರವಿರಲಿ. ಅವುಗಳ ಸೂಕ್ಷ್ಮ ರಂಧ್ರಗಳಿಂದ ಗಾಳಿ ಹೊರಡಿಸಲು ಬೇಕಾದ ಒತ್ತಡ ಸಾಮಾನ್ಯ ಮನೆ ಪಂಪಿನಲ್ಲಿ ಇರುವುದೇ ಇಲ್ಲ. ಚೆಂದ ನೋಡಿ ಅದನ್ನು ತಂದು, ಗುಳ್ಳೆ ಬರುತ್ತಿಲ್ಲವೆಂದು ಪಂಪನ್ನು ದೂರುವವರು ಅನೇಕರು.

ಉಳಿದದ್ದು ಶಬ್ದ, ಕರೆಂಟು, ಬಿಡಿಭಾಗ. ಮಲಗುವ ಕೋಣೆಯಲ್ಲಿ ತೊಟ್ಟಿ ಇದ್ದರೆ ಶಬ್ದವೇ ಮೊದಲ ಮಾನದಂಡವಾಗಬಹುದು. ಕರೆಂಟಿನದು ದೊಡ್ಡ ವಿಷಯವಲ್ಲ: 3 ವ್ಯಾಟಿನ ಪಂಪ್ ತಿಂಗಳಿಡೀ ಹಗಲಿರುಳು ಓಡಿದರೂ ಎರಡು ಯೂನಿಟ್ ಚಿಲ್ಲರೆ, 10 ವ್ಯಾಟಿನದು ಏಳು ಯೂನಿಟ್, 25 ವ್ಯಾಟಿನದು 18 ಯೂನಿಟ್. ಆದರೆ ವ್ಯಾಟ್ ಹೆಚ್ಚಿದ್ದರೆ ಗಾಳಿ ಹೆಚ್ಚು ಎಂದುಕೊಳ್ಳಬೇಡಿ. ಕೆಟ್ಟ ವಿನ್ಯಾಸದ 5 ವ್ಯಾಟಿನ ಪಂಪಿಗಿಂತ ಒಳ್ಳೆಯ 3 ವ್ಯಾಟಿನದು ಹೆಚ್ಚು ಗಾಳಿ ಕೊಡುವುದುಂಟು.

ಒಂದು ನಳಿಕೆಯ ಚಿಕ್ಕ ಪಂಪ್

ಸಾಮಾನ್ಯವಾಗಿ 2ರಿಂದ 3 ವ್ಯಾಟ್, ಚೀಟಿಯ ಮೇಲೆ 1ರಿಂದ 2 ಲೀಟರ್. ಎಲ್ಲಕ್ಕಿಂತ ಅಗ್ಗ. 30 ಸೆಂ.ಮೀ. ಆಳದ, 40–50 ಲೀಟರ್‌ವರೆಗಿನ ತೊಟ್ಟಿಗೆ, ಒಂದು ಕಲ್ಲು ಅಥವಾ ಒಂದು ಚಿಕ್ಕ ಸ್ಪಂಜ್ ಫಿಲ್ಟರಿಗೆ ಇದು ಧಾರಾಳ ಸಾಕು. ಮರಿ ಸಾಕುವ ತೊಟ್ಟಿ, ಸೀಗಡಿ ತೊಟ್ಟಿ, ಕಾಯಿಲೆ ಮೀನನ್ನು ಬೇರೆ ಇಡುವ ತೊಟ್ಟಿಗಳಿಗೂ ಇದೇ ಸರಿ.

ಇದರ ದೌರ್ಬಲ್ಯ ಒತ್ತಡ. ಹೊಸತರಲ್ಲಿ ಚೆನ್ನಾಗಿ ಓಡಿ, ಕಲ್ಲು ಸ್ವಲ್ಪ ಪಾಚಿ ಕಟ್ಟಿದೊಡನೆ ಗುಳ್ಳೆ ಸೊರಗುತ್ತದೆ. ಗಾಳಿ ಹೆಚ್ಚು ಕಡಿಮೆ ಮಾಡುವ ತಿರುಗುಗುಂಡಿ ಇದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅತಿ ಅಗ್ಗದವುಗಳಿಗೆ ಬದಲಿ ಡಯಾಫ್ರಂ, ಅಂದರೆ ಒಳಗೆ ಅಲುಗಾಡಿ ಗಾಳಿ ತಳ್ಳುವ ರಬ್ಬರ್ ಪೊರೆ, ಸಿಗುವುದಿಲ್ಲ. ಹರಿದರೆ ಪಂಪನ್ನೇ ಎಸೆಯಬೇಕು. 45 ಸೆಂ.ಮೀ. ಮೀರಿದ ಆಳಕ್ಕೆ ಇದನ್ನು ನಾನು ಹೇಳುವುದೇ ಇಲ್ಲ, ತೊಟ್ಟಿ ಎಷ್ಟೇ ಚಿಕ್ಕದಿರಲಿ.

ಎರಡು ನಳಿಕೆಯ ಮಧ್ಯಮ ಪಂಪ್

ಮನೆ ತೊಟ್ಟಿಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಇದೇ. 4ರಿಂದ 6 ವ್ಯಾಟ್, ಒಂದೊಂದು ನಳಿಕೆಗೆ 2ರಿಂದ 3.5 ಲೀಟರ್. ಒಳಗೆ ಎರಡು ಡಯಾಫ್ರಂ ಇದ್ದು ಒಂದೊಂದು ನಳಿಕೆಗೆ ಒಂದೊಂದು ಎಂದು ಕೆಲಸ ಮಾಡುತ್ತವೆ. ಒಂದು ಹರಿದರೂ ಇನ್ನೊಂದು ಓಡುತ್ತಿರುತ್ತದೆ ಎಂಬ ಈ ಗುಣಕ್ಕೆ ನಾನು ದೊಡ್ಡ ಬೆಲೆ ಕೊಡುತ್ತೇನೆ. 60ರಿಂದ 150 ಲೀಟರ್ ತೊಟ್ಟಿಯಲ್ಲಿ ಒಂದು ನಳಿಕೆಗೆ ಸ್ಪಂಜ್ ಫಿಲ್ಟರ್, ಇನ್ನೊಂದಕ್ಕೆ ಏರ್ ಸ್ಟೋನ್ ಹಾಕಿಕೊಳ್ಳಬಹುದು. ತೊಟ್ಟಿ ಆಳವಾಗಿದ್ದು ಒಂದು ನಳಿಕೆಯ ಗಾಳಿ ಸಾಲದಿದ್ದರೆ ಎರಡೂ ನಳಿಕೆಗಳನ್ನು ಟೀ ಜೋಡಣೆಯಿಂದ ಒಂದೇ ಪೈಪಿಗೆ ಸೇರಿಸಬಹುದು. ಹಾಗೆ ಮಾಡಿದಾಗ ಹೆಚ್ಚುವುದು ಗಾಳಿಯ ಪ್ರಮಾಣ ಮಾತ್ರ, ಗರಿಷ್ಠ ಆಳ ಮೊದಲಿನಷ್ಟೇ ಇರುತ್ತದೆ.

ಕೊಳ್ಳುವಾಗ ತಿರುಗುಗುಂಡಿ ಇರುವುದನ್ನೇ ಆರಿಸಿ. ಬೆಲೆಯ ವ್ಯತ್ಯಾಸ ಅಲ್ಪ, ಅನುಕೂಲ ಬಹಳ: ಬೇಸಿಗೆಯಲ್ಲಿ ಏರಿಸಬಹುದು, ಮರಿಗಳಿದ್ದಾಗ ಇಳಿಸಬಹುದು. ಇನ್ನೊಂದು ಮಾತು, ‘ಎರಡು ನಳಿಕೆ, 4 ಲೀಟರ್’ ಎಂದಿದ್ದರೆ ಅದು ಒಂದೊಂದಕ್ಕೆ 4 ಲೀಟರೋ, ಎರಡೂ ಸೇರಿ 4 ಲೀಟರೋ ಎಂದು ಕೇಳಿ ತಿಳಿದುಕೊಳ್ಳಿ. ಚೀಟಿಗಳು ಎರಡೂ ರೀತಿಯಲ್ಲಿ ಬರುತ್ತವೆ.

ನಾಲ್ಕು ನಳಿಕೆಯದು

8ರಿಂದ 12 ವ್ಯಾಟ್, ಒಟ್ಟು 8ರಿಂದ 15 ಲೀಟರ್. 200–300 ಲೀಟರಿನ ಒಂದೇ ದೊಡ್ಡ ತೊಟ್ಟಿಗೆ, ಇಲ್ಲವೇ ಒಂದೇ ಕಪಾಟಿನಲ್ಲಿರುವ ಮೂರು ನಾಲ್ಕು ಚಿಕ್ಕ ತೊಟ್ಟಿಗಳಿಗೆ ಇದು ಹೊಂದುತ್ತದೆ. ಒಂದೇ 60 ಲೀಟರ್ ತೊಟ್ಟಿ ಇರುವವರು ‘ಮುಂದೆ ಬೇಕಾಗಬಹುದು’ ಎಂದು ಇದನ್ನು ತರುವುದು ಬೇಡ. ಬಳಸದ ನಳಿಕೆಗಳನ್ನು ಮುಚ್ಚಿಟ್ಟರೆ ಪಂಪ್ ಬಾಯಿ ಕಟ್ಟಿದ ಬಲೂನಿಗೆ ಊದಿದ ಹಾಗೆ ಒದ್ದಾಡುತ್ತದೆ: ಒಳಗೆ ಒತ್ತಡ ಏರಿ, ಬಿಸಿಯಾಗಿ, ರಬ್ಬರ್ ಬೇಗ ಸೋಲುತ್ತದೆ. ಹೆಚ್ಚಾದ ಗಾಳಿಯನ್ನು ಅಡ್ಡಗಟ್ಟಬಾರದು, ಹೊರಗೆ ಬಿಡಬೇಕು. ಪೈಪಿನ ನಡುವೆ ಒಂದು ಟೀ ಹಾಕಿ, ಅದರ ಮೂರನೇ ಕಾಲಿಗೆ ಚಿಕ್ಕ ವಾಲ್ವ್ ಸಿಕ್ಕಿಸಿ, ಬೇಡದ ಗಾಳಿ ಅಲ್ಲಿಂದ ಕೋಣೆಗೆ ಹೋಗುವಂತೆ ತೆರೆದಿಡಿ. ಒಂದಕ್ಕಿಂತ ಹೆಚ್ಚು ತೊಟ್ಟಿ ಜೋಡಿಸುವಾಗ ಒಂದೊಂದಕ್ಕೂ ಪ್ರತ್ಯೇಕ ವಾಲ್ವ್ ಬೇಕು; ಇಲ್ಲವಾದರೆ ಗಾಳಿ ಎಲ್ಲಕ್ಕಿಂತ ಕಡಿಮೆ ಆಳದ ತೊಟ್ಟಿಗೇ ಹರಿದು, ಆಳದ್ದು ಬರಿದಾಗುತ್ತದೆ.

200 ಲೀಟರ್ ತೊಟ್ಟಿಯವರು ಇನ್ನೊಂದು ದಾರಿಯನ್ನೂ ಯೋಚಿಸಬೇಕು: ನಾಲ್ಕು ನಳಿಕೆಯ ಒಂದರ ಬದಲು ಎರಡು ನಳಿಕೆಯ ಎರಡು ಪಂಪ್. ದುಡ್ಡು ಸ್ವಲ್ಪ ಹೆಚ್ಚು, ಪ್ಲಗ್ ಎರಡು ಬೇಕು. ಆದರೆ ರಾತ್ರಿ ಎರಡು ಗಂಟೆಗೆ ಒಂದು ನಿಂತುಹೋದರೂ ಬೆಳಗ್ಗೆ ಎದ್ದಾಗ ಮೀನುಗಳು ಜೀವಂತ ಇರುತ್ತವೆ. ದುಬಾರಿ ಮೀನು, ದಟ್ಟ ತೊಟ್ಟಿ ಇರುವವರಿಗೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ.

ಪಿಸ್ಟನ್ ಕಂಪ್ರೆಸರ್

ಲೋಹದ ಮೈಯ, ಮುಂದೆ ಹಿತ್ತಾಳೆಯ ನಳಿಕೆಗಳ ಸಾಲಿರುವ ಭಾರದ ಯಂತ್ರ. 18 ವ್ಯಾಟಿನಿಂದ ಶುರುವಾಗಿ ಮೇಲಕ್ಕೆ ಹೋಗುತ್ತದೆ; ನಿಮಿಷಕ್ಕೆ 30–40 ಲೀಟರ್ ಗಾಳಿ ಸಾಮಾನ್ಯ, ಒತ್ತಡವೂ ಡಯಾಫ್ರಂ ಪಂಪುಗಳಿಗಿಂತ ಹೆಚ್ಚು. ಹತ್ತು ಹದಿನೈದು ತೊಟ್ಟಿಗಳಲ್ಲಿ ಮರಿ ಮಾಡಿಸುವವರಿಗೆ, ಅಂಗಳದ ಕೊಳ ಇರುವವರಿಗೆ ಇದು ಲಾಭದ್ದು. ಗಾಳಿಯ ಲೀಟರ್ ಲೆಕ್ಕದಲ್ಲಿ ನೋಡಿದರೆ ಎಲ್ಲಕ್ಕಿಂತ ಅಗ್ಗವೂ ಹೌದು. ಆದರೆ ಇದರ ಶಬ್ದವನ್ನು ಮಲಗುವ ಕೋಣೆಯಲ್ಲಿ ಸಹಿಸಲಾಗದು, ಮೈ ಮುಟ್ಟಿದರೆ ಬಿಸಿ. ಗಾಳಿಯಾಡದ ಕಪಾಟಿನೊಳಗೆ ಇಡಬಾರದು. ಒಂದೇ ತೊಟ್ಟಿಯವರಿಗೆ ಇದರ ಅಗತ್ಯವಿಲ್ಲ.

ಸದ್ದಿಲ್ಲದ ಪೀಜೋ ಪಂಪ್

ಗಾಜಿಗೆ ಅಂಟಿಸುವ, ಅಂಗೈಗಿಂತ ಚಿಕ್ಕ ಪಂಪುಗಳಿವೆ. ವಿದ್ಯುತ್ ಹರಿದಾಗ ಬಾಗುವ ಪೀಜೋ ಹಾಳೆಯೊಂದು ಇದರಲ್ಲಿ ಗಾಳಿ ತಳ್ಳುತ್ತದೆ. ಸಾಮಾನ್ಯ ಪಂಪಿನಲ್ಲಿ ವಿದ್ಯುತ್ಕಾಂತವೊಂದು ಕರೆಂಟಿನ ಆವರ್ತನಕ್ಕೆ ತಕ್ಕಂತೆ ಸೆಕೆಂಡಿಗೆ 50 ಅಥವಾ 60 ಸಲ ತೋಳನ್ನು ಅಲುಗಿಸುತ್ತದಲ್ಲ, ಆ ಗುಂಯ್‌ಗುಡುವ ಸದ್ದು ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಗಾಳಿಯೂ ಅಷ್ಟೇ ಕಡಿಮೆ, ನಿಮಿಷಕ್ಕೆ ಕಾಲು ಲೀಟರ್ ಆಸುಪಾಸು. ಹಾಸಿಗೆಯ ಪಕ್ಕದ ಮೇಜಿನ ಮೇಲೆ 20–30 ಲೀಟರಿನ ತೊಟ್ಟಿ, ನಾಲ್ಕಾರು ಚಿಕ್ಕ ಮೀನು ಎನ್ನುವವರಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಸ್ಪಂಜ್ ಫಿಲ್ಟರ್ ಓಡಿಸುವ ಯೋಚನೆ ಇದ್ದರೆ ಬೇಡ.

ಶಬ್ದದ ಬಗ್ಗೆ ಇನ್ನೂ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅರ್ಧಕ್ಕರ್ಧ ಶಬ್ದ ಬರುವುದು ಪಂಪಿನಿಂದಲ್ಲ, ಅದನ್ನು ಇಟ್ಟ ಹಲಗೆಯಿಂದ. ಪಂಪನ್ನು ಕೈಯಲ್ಲಿ ಎತ್ತಿ ಹಿಡಿದು ನೋಡಿ. ಸದ್ದು ತಟ್ಟನೆ ಇಳಿದರೆ ಹೊಸ ಪಂಪ್ ಕೊಳ್ಳುವ ಮೊದಲು ಕೆಳಗೆ ದಪ್ಪ ಸ್ಪಂಜಿನ ತುಂಡು ಹಾಕಿ, ಗೋಡೆಗೆ ತಾಗದಂತೆ ಸರಿಸಿ. ಚೆನ್ನಾಗಿದ್ದ ಪಂಪ್ ಇದ್ದಕ್ಕಿದ್ದಂತೆ ಜೋರಾದರೆ ತಳದಲ್ಲಿರುವ ಗಾಳಿ ಒಳಸೇರುವ ಫೆಲ್ಟ್ ತುಣುಕು ಧೂಳು ಕಟ್ಟಿರಬಹುದು, ತೆಗೆದು ತೊಳೆದು ಒಣಗಿಸಿ ಹಾಕಿ.

ಬ್ಯಾಟರಿಯದ್ದು

ಕರೆಂಟು ಹೋದೊಡನೆ ತಾನಾಗಿ ಓಡಲು ಶುರುವಾಗುವ, ಒಳಗೇ ಚಾರ್ಜ್ ಆಗುವ ಬ್ಯಾಟರಿ ಇರುವ ಪಂಪುಗಳು ಈಗ ಸುಲಭವಾಗಿ ಸಿಗುತ್ತವೆ. ಇವನ್ನು ಮುಖ್ಯ ಪಂಪಾಗಿ ಆರಿಸುವುದಕ್ಕಿಂತ ಎರಡನೆಯದಾಗಿ ಇಡುವುದು ಜಾಣತನ. ಗಾಳಿ ಚಿಕ್ಕ ಪಂಪಿನಷ್ಟೇ, ಬೆಲೆ ಮಧ್ಯಮ ಪಂಪಿನಷ್ಟು. ಪೂರ್ತಿ ಸ್ಪಂಜ್ ಫಿಲ್ಟರನ್ನೇ ನೆಚ್ಚಿಕೊಂಡ ತೊಟ್ಟಿಗಳಿಗೆ ಇದು ಎಲ್ಲರಿಗಿಂತ ಹೆಚ್ಚು ಬೇಕು: ಗಾಳಿ ನಿಂತರೆ ಮೀನಿನ ಉಸಿರಷ್ಟೇ ಅಲ್ಲ, ಸ್ಪಂಜಿನಲ್ಲಿ ಬದುಕಿರುವ ಬ್ಯಾಕ್ಟೀರಿಯಾಗಳ ಉಸಿರೂ ನಿಲ್ಲುತ್ತದೆ. ಗಂಟೆಗಟ್ಟಲೆ ಕರೆಂಟು ಹೋಗುವ ಮನೆಯಲ್ಲಿ ದಟ್ಟ ತೊಟ್ಟಿ ಇದ್ದರೆ ದೊಡ್ಡ ಪಂಪಿಗೆ ಹಾಕುವ ದುಡ್ಡಿನಲ್ಲಿ ಒಂದು ಪಾಲನ್ನು ಇದಕ್ಕೆ ಎತ್ತಿಡಿ.

ಏರ್ ಪಂಪೇ ಬೇಡವಾದರೆ?

ಇದೂ ಒಂದು ಆಯ್ಕೆಯೇ. ಹಿಂಬದಿಗೆ ನೇತುಹಾಕುವ ಫಿಲ್ಟರ್ ನೀರನ್ನು ಮೇಲಿನಿಂದ ಸುರಿಯುತ್ತಿದ್ದರೆ, ಅಥವಾ ಒಳಗಿನ ಫಿಲ್ಟರಿನ ಬಾಯಿ ಮೇಲ್ಮೈಯನ್ನು ಸದಾ ಅಲುಗಿಸುತ್ತಿದ್ದರೆ, ಮೀನು ಮಿತವಾಗಿದ್ದಾಗ ಪ್ರತ್ಯೇಕ ಏರ್ ಪಂಪ್ ಕಡ್ಡಾಯವಲ್ಲ. ಹೆಚ್ಚು ಗಿಡ ಬೆಳೆಸಿ ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಇಟ್ಟಿರುವವರಿಗೆ ಹಗಲಿನಲ್ಲಿ ಏರ್ ಪಂಪ್ ನಷ್ಟವೇ ಸರಿ. ದುಡ್ಡು ಕೊಟ್ಟು ಕರಗಿಸಿದ ಅನಿಲವನ್ನು ಗುಳ್ಳೆಗಳು ಹೊರಗಟ್ಟುತ್ತವೆ. ಆದರೆ ರಾತ್ರಿ ದೀಪ ಆರಿದ ಮೇಲೆ ಗಿಡಗಳೂ ಆಮ್ಲಜನಕವನ್ನೇ ಬಳಸುತ್ತವೆ, ಆದ್ದರಿಂದ ಅಂಥವರು ಚಿಕ್ಕ ಪಂಪನ್ನು ಟೈಮರಿಗೆ ಸಿಕ್ಕಿಸಿ ರಾತ್ರಿ ಮಾತ್ರ ಓಡಿಸುವುದು ಒಳ್ಳೆಯ ಒಪ್ಪಂದ.

ನಿಮ್ಮ ತೊಟ್ಟಿಗೆ ಗಾಳಿ ಸಾಲುತ್ತಿದೆಯೇ ಎಂದು ನೋಡಲು ಬೆಳಗಿನ ಜಾವ, ದೀಪ ಹಾಕುವ ಮೊದಲೇ, ಮೀನುಗಳ ಹತ್ತಿರ ಹೋಗಿ. ಕರಗಿದ ಆಮ್ಲಜನಕ ದಿನದಲ್ಲಿ ಎಲ್ಲಕ್ಕಿಂತ ಕೆಳಗಿರುವುದು ಆಗಲೇ. ಮೀನುಗಳೆಲ್ಲ ಮೇಲ್ಮೈಗೆ ಅಂಟಿಕೊಂಡು ಬಾಯಿ ಬಡಿಯುತ್ತಿದ್ದು, ಹೊತ್ತೇರಿದಂತೆ ಸರಿಹೋದರೆ ಗಾಳಿ ಸಾಲದು. ಇಡೀ ದಿನ ಹಾಗೆಯೇ ಇದ್ದರೆ, ಗುಳ್ಳೆ ಜೋರಾಗಿದ್ದರೂ ಸುಧಾರಿಸದಿದ್ದರೆ, ಪಂಪಿನ ಅಂಗಡಿಗೆ ಓಡುವ ಮೊದಲು ನೀರಿನ ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷಿಸಿ. ಅಮೋನಿಯಾ ಕಿವಿರನ್ನು ಸುಡುತ್ತದೆ, ನೈಟ್ರೈಟ್ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿಯನ್ನೇ ಕಸಿಯುತ್ತದೆ. ಅಲ್ಲಿ ಬೇಕಿರುವುದು ನೀರು ಬದಲಾವಣೆ. ಎಷ್ಟು ದೊಡ್ಡ ಪಂಪ್ ತಂದರೂ ಆ ಮೀನು ಉಳಿಯದು.

ನಾನಾದರೆ ಹೀಗೆ ಆರಿಸುತ್ತೇನೆ

60×30×36ರ ಸಾಮಾನ್ಯ ತೊಟ್ಟಿ, ಲೆಕ್ಕಕ್ಕೆ 65 ಲೀಟರ್, ಕಲ್ಲು ಮರಳು ಕಳೆದರೆ ಐವತ್ತರ ಆಸುಪಾಸು. ಗಪ್ಪಿ, ಟೆಟ್ರಾಗಳಿದ್ದು ಬೇರೆ ಫಿಲ್ಟರ್ ಇದ್ದರೆ ಒಂದು ನಳಿಕೆಯ 2 ಲೀಟರಿನ ಪಂಪ್ ಸಾಕು. ಸ್ಪಂಜ್ ಫಿಲ್ಟರನ್ನೇ ನಂಬಿದ್ದರೆ ಎರಡು ನಳಿಕೆಯದು. ಅದೇ ತೊಟ್ಟಿಯಲ್ಲಿ ಗೋಲ್ಡ್ ಫಿಶ್ ಇದ್ದರೆ ಎರಡು ನಳಿಕೆಯದೇ; ಮೀನು ಬೆಳೆದ ಮೇಲೆ ಪಂಪನ್ನಲ್ಲ, ತೊಟ್ಟಿಯನ್ನೇ ಬದಲಿಸಬೇಕಾಗುತ್ತದೆ ಎಂಬುದನ್ನೂ ಈಗಲೇ ಮನಸ್ಸಿನಲ್ಲಿಡಿ. 90×45×45ರ 180 ಲೀಟರ್ ತೊಟ್ಟಿಗೆ ತಿರುಗುಗುಂಡಿಯ ಎರಡು ನಳಿಕೆಯದರಲ್ಲಿ ಒತ್ತಡ ಹೆಚ್ಚಿರುವುದು. ಆಸ್ಕರ್, ಡಿಸ್ಕಸ್ ಇದ್ದರೆ ಅಂಥವೇ ಎರಡು. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ನಳಿಕೆಯ ಸಂಖ್ಯೆಯಲ್ಲಿ ಉಳಿಸಿ. ಬದಲಿ ಡಯಾಫ್ರಂ ಸಿಗದ ಪಂಪ್ ಅಗ್ಗವೆಂದು ತರಬೇಡಿ. ಎರಡು ಗಾತ್ರಗಳ ನಡುವೆ ಮನಸ್ಸು ಓಲಾಡಿದರೆ ಒಂದು ಮೆಟ್ಟಿಲು ದೊಡ್ಡದನ್ನೇ ತಂದು ಗಾಳಿ ಇಳಿಸಿಕೊಳ್ಳಿ. ಅರ್ಧ ಶಕ್ತಿಯಲ್ಲಿ ಓಡುವ ಪಂಪಿಗೆ ಆಯಸ್ಸು ಹೆಚ್ಚು, ಸದ್ದು ಕಡಿಮೆ.

ಯಾವುದೇ ಪಂಪ್ ತಂದರೂ ಅದರ ಜೊತೆಗೇ ಚೆಕ್ ವಾಲ್ವ್ (ಗಾಳಿಯನ್ನು ತೊಟ್ಟಿಯ ಕಡೆಗೆ ಬಿಟ್ಟು, ನೀರು ಹಿಂದಕ್ಕೆ ಬರದಂತೆ ತಡೆಯುವ ಚಿಕ್ಕ ಬಿಡಿಭಾಗ) ತನ್ನಿ. ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದು ಕರೆಂಟು ಹೋದರೆ ತೊಟ್ಟಿಯ ನೀರು ಪೈಪಿನಲ್ಲಿ ಹಿಂದಕ್ಕೆ ಇಳಿದು ಪಂಪಿನೊಳಗೆ, ಅಲ್ಲಿಂದ ನೆಲಕ್ಕೆ ಹರಿಯುತ್ತದೆ. ವಾಲ್ವಿಗೆ ದಿಕ್ಕಿದೆ: ಬಾಯಿಯಿಂದ ಊದಿ ನೋಡಿ, ಊದಿದಾಗ ಗಾಳಿ ಒಳಹೋಗುವ ತುದಿ ಪಂಪಿನ ಕಡೆಗೆ, ಊದಿದರೂ ತಡೆಯುವ ತುದಿ ತೊಟ್ಟಿಯ ಕಡೆಗೆ. ಪ್ಲಗ್ಗಿಗೆ ಹೋಗುವ ತಂತಿ ಒಮ್ಮೆ ಕೆಳಗೆ ಜೋತು ನಂತರ ಮೇಲೇರುವಂತಿರಲಿ. ತಂತಿಗುಂಟ ಹನಿ ಇಳಿದರೂ ಪ್ಲಗ್ಗನ್ನು ಮುಟ್ಟದೆ ಕೆಳಗೆ ಬೀಳುತ್ತದೆ.

ಜೋಡಿಸಿದ ದಿನ ಭರಣಿ ಹಿಡಿದು ಅಳೆದ ಸೆಕೆಂಡುಗಳನ್ನು ಪಂಪಿನ ಮೈಮೇಲೆಯೇ ಚೀಟಿ ಅಂಟಿಸಿ ಬರೆದಿಡಿ. ಕೆಲವು ತಿಂಗಳ ನಂತರ ಮತ್ತೆ ಅಳೆದಾಗ ಹೊತ್ತು ಹೆಚ್ಚು ಹಿಡಿದರೆ ಮೊದಲು ಏರ್ ಸ್ಟೋನ್ ಬದಲಿಸಿ, ಆಮೇಲೆ ಫೆಲ್ಟ್ ಮತ್ತು ಚೆಕ್ ವಾಲ್ವ್ ನೋಡಿ. ಆಗಲೂ ಹಳೆಯ ಅಂಕಿಗೆ ಬರದಿದ್ದರೆ ಹೊಸ ಡಯಾಫ್ರಂ ಹಾಕುವ ಹೊತ್ತಾಯಿತು.